ದ್ವಿವಚನ

ಮೇಷ್ಟ್ರ ಹೆಸರು ಲೆಮ್ಯುಯೆಲ್ ಥ್ಯಾಕ್ಸ್‌ಟರ್.
ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ.
ಮೊದಲ ದಿನ, ಕರಿಹಲಗೆಗೆ ಬೆನ್ನು ಹಾಕಿ,
ಕಿಟಕಿಯಾಚೆ ಹಳಿ ತೋರಿಸಿ ಕೇಳಿದರು:
"ಅವು ಎಷ್ಟು?"
ಎರಡು, ಅಂದೆವು ಒಕ್ಕೊರಲಲ್ಲಿ.
"ಅಲ್ಲ. ಜೋಡಿ.
ಒಂದಕ್ಕೊಂದು ವಚನ, ಹಲವಕ್ಕೊಂದು,
ನಡುವೆ ಜೋಡಿಗೆಂದೇ ಇನ್ನೊಂದು
ಇಟ್ಟುಕೊಂಡಿದ್ದರು ಹಳೆಯ ಗ್ರೀಕರು:
ಕಣ್ಣಿಗೆ, ತೋಳಿಗೆ, ನೊಗ ಹೊತ್ತ ಎತ್ತಿಗೆ.
ಒಂದು ಹೋದರೆ ಉಳಿಯುವುದು ಒಂದಲ್ಲ,
ಅರ್ಧ."

ನಾನು ಹನೋರಾ ಗೆರಾಟಿ. ಹಿಂದಿನ ಬೆಂಚು,
ಅಣ್ಣನ ಬೂಟು, ಹನ್ನೊಂದು ವರ್ಷ.
ಕೇಳದಿದ್ದರೂ ಎದ್ದು ನಿಂತೆ:
ನಮ್ಮಮ್ಮನ ಮಾತಲ್ಲೂ ಹಾಗೇ ಮೇಷ್ಟ್ರೇ,
ಒಂಟಿಗೈಯವನಿಗೆ ಅರ್ಧಗೈಯವ ಅಂತಾರೆ,
ಒಕ್ಕಣ್ಣನಿಗೆ ಅರ್ಧಗಣ್ಣ.
ತರಗತಿ ಬಿದ್ದು ಬಿದ್ದು ನಕ್ಕಿತು.
ಐರಿಷ್ ಗುಡಿಸಲ ಮಾತು
ಗ್ರೀಕಿನ ಪಂಕ್ತಿಯಲ್ಲಿ ಕೂರುವುದುಂಟೆ?
ಮೇಷ್ಟ್ರು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು
ಬಹಳ ಹೊತ್ತು ನನ್ನ ಬೂಟು ನೋಡಿದರು.

ಊರು ಬಲ್ಲದ್ದು ಇಷ್ಟೇ:
ಒಂಬತ್ತು ವರ್ಷ ಯಾವುದೋ ಕಾಲೇಜಿನಲ್ಲಿ
ಅವ್ಯಯಗಳ ಕೋಶ ಬರೆಯುತ್ತಿದ್ದರಂತೆ.
ಕೋಶ ಮುಗಿಯುವ ಮೊದಲೇ ಕಾಸು ಮುಗಿಯಿತು.
ಒಂದು ಚಳಿಗಾಲ ಪುಸ್ತಕ ನೋಡಿಯೇ ಕಲಿತು
ವಸಂತಕ್ಕೆ ದುರ್ಬೀನು, ಸರಪಳಿ ಹೊತ್ತು
ರೈಲು ಕಂಪನಿಯ ಬಾಗಿಲು ತಟ್ಟಿದರು.
ವ್ಯಾಕರಣಕ್ಕೆ ಗುಡ್ಡ ಬಗ್ಗೀತೇ ಎಂದು ಆಡಿಕೊಂಡವರೇ
ಈಗ ಅವರೆಳೆದ ತಿರುವಿನಲ್ಲಿ ಕೂತು
ಬೋಸ್ಟನ್ನಿಗೆ ಬೆಣ್ಣೆ ಮಾರಲು ಹೋಗುತ್ತಾರೆ.

ಲೆಕ್ಕ ಕಲಿಸಿದ್ದು ಹಿಮದಲ್ಲಿ ನಡೆಸಿ.
"ಮೈಲಿಗೆ ಅರವತ್ತಡಿಗಿಂತ ಏರಿಸಬೇಡಿ,
ಹಳಿಯನ್ನೂ, ವಾಕ್ಯವನ್ನೂ."
ಮೇಪಲ್ ಮರಗಳ ನಡುವೆ ನಾವು ಸರಪಳಿಯ ಎರಡು ತುದಿ,
ನಡುವೆ ಅವರು, ಮೂಗಿನ ತುದಿ ಕೆಂಪು.
ಗುಡ್ಡ ಸೀಳಿದ ಜಾಗ ಬಂದರೆ ಮಾತ್ರ
ಬೂಟಿನ ದಾರ ಬಿಚ್ಚಿದ ನೆಪ.
ಬಗ್ಗಿ ಕಟ್ಟಿ, ಎದ್ದು, ಹಿಂದಕ್ಕೆ.

ಆ ಸೀಳಿನಲ್ಲಿದ್ದಾನೆ ನನ್ನಪ್ಪ.
ಹಿಮ ಕರಗುವ ಕಾಲ, ಮಧ್ಯಾಹ್ನದ ಬುತ್ತಿಗೆ ಮುಂಚೆ
ಗುಡ್ಡದ ಪಕ್ಕೆ ಜಾರಿ ಕೂತಿತು.
ಕಂಪನಿಯ ಪುಸ್ತಕದಲ್ಲಿ ಒಂದೇ ಸಾಲು:
ಕೂಲಿಗಳು, ಐರಿಷ್, ಒಂಬತ್ತು.
ಅಮ್ಮನಿಗೆ ಬಂದದ್ದು
ಕಳೆದ ಸನಿಕೆಯ ಬೆಲೆ ಮುರಿದುಕೊಂಡು ಉಳಿದ ಕೂಲಿ.

ನನ್ನ ಹದಿನಾರಕ್ಕೆ ಮೇಷ್ಟ್ರಿಗೆ ಜ್ವರ.
ಗಂಜಿ ಕಾಯಿಸಲು ಹೋದವಳು ಕೋಣೆ ಗುಡಿಸಿದೆ.
ಮಂಚದಡಿ ಚರ್ಮದ ಹೊದಿಕೆಯ ಮೋಜಣಿ ಪುಸ್ತಕ;
ಕೋನ, ಎತ್ತರ, ಕೋನ, ಎತ್ತರ,
ಆಮೇಲೆ ಇದ್ದಕ್ಕಿದ್ದಂತೆ ಗ್ರೀಕು, ಒಂಬತ್ತು ಸಾಲು.
ಕ್ರಿಯಾಪದ ಹುಡುಕಿದೆ. ಇರಲಿಲ್ಲ.
ಧಾತು ಹುಡುಕಿದೆ. ಯಾವ ಕೋಶದ್ದೂ ಅಲ್ಲ.
ಸೋತು, ಮಗುವಿನ ಹಾಗೆ ಅಕ್ಷರ ಕೂಡಿಸಿ
ಬಾಯಿಬಿಟ್ಟು ಓದಿದೆ:
ಮಾ. ಲಾ. ಖಿ.
ಗೆ. ರಾ.
ಸ್ವರಭಾರ ಕೂಡ ಸರಿಯಾದ ಜಾಗದಲ್ಲಿತ್ತು,
ಅಮ್ಮ ಕತ್ತಲಲ್ಲಿ ಕೂಗುತ್ತಿದ್ದಳಲ್ಲ, ಹಾಗೇ.

ಕೆಳಗೆ ಬೇರೆ ಶಾಯಿಯಲ್ಲಿ ಎರಡು ಸಾಲು:
ಪಕ್ಕೆಯ ಇಳಿಜಾರು, ಬೇಕಾದದ್ದು ಒಂದಕ್ಕೆ ಒಂದೂವರೆ.
ಕೊಟ್ಟದ್ದು ಒಂದಕ್ಕೆ ಒಂದು. ಮಣ್ಣೆತ್ತುವ ಖರ್ಚು ಉಳಿಸಲು.
ಸಹಿ, ಎಲ್. ಟಿ.
ಆ ಎರಡು ಅಕ್ಷರ ಮಾತ್ರ ಇಂಗ್ಲಿಷು.

ನೀರು, ಅಂದರು ಮಂಚದಿಂದ.
ಗೋಡೆಯ ಗಡಿಯಾರ ಎಷ್ಟೋ ಸಲ ಬಡಿದುಕೊಂಡಿತು.
ಕೊಟ್ಟೆ.
ಅವರ ಎರಡೂ ಕೈ ನಡುಗಿ ಲೋಟ ನಿಲ್ಲಲಿಲ್ಲ.
ಹಿಡಿದುಕೊಂಡೆ.
ನಾನು ಓದಿದ್ದು ಅವರಿಗೆ ಗೊತ್ತಾಯಿತೋ,
ಗೊತ್ತಾಗಲೆಂದೇ ಅಲ್ಲಿಟ್ಟಿದ್ದರೋ, ಕೇಳಲಿಲ್ಲ.
ಕ್ಷಮೆಯೇ ಅದು ಎಂದು ಕೇಳುತ್ತಾರೆ ಯಾರಾದರೂ;
ಲೋಟ ಹಿಡಿದೆ, ಅಷ್ಟು ಮಾತ್ರ ನನಗೆ ಗೊತ್ತು.

ಈಗ ಅದೇ ಕಿಟಕಿ, ಅದೇ ಹಲಗೆ, ನನ್ನ ಸೀಮೆಸುಣ್ಣ.
ಹೊಸ ಮಕ್ಕಳನ್ನು ಕೇಳುತ್ತೇನೆ, ಅವು ಎಷ್ಟು?
ನಿನ್ನೆ ಗಿರಣಿಯವರ ಕಿರಿಯ ಹುಡುಗ
ಮೂಗೊರೆಸಿಕೊಂಡು ಹೇಳಿದ:
ಈಗ ಎರಡು ಟೀಚರ್,
ಹಿಮ ಬಿದ್ದರೆ ಒಂದೂ ಇಲ್ಲ.
ಸರಿ, ಕೂತುಕೋ, ಅಂದೆ.